ಕೆರೆಯ ಪುಟಕ್ಕೆ ನಾನು ಹಾಕಿದ ಸಹಿ

ನಮ್ಮ ಪ್ರಭಾಗ ಕಚೇರಿಯಲ್ಲಿ, ಅಂದರೆ ಪಾಲಿಕೆಯ ವಾರ್ಡ್ ಆಫೀಸಿನಲ್ಲಿ, ಗಂಡಸರ ಶೌಚಾಲಯಕ್ಕೆ ಹೋಗುವ ಓಣಿಯೊಂದಿದೆ. ಅಲ್ಲೊಂದು ಕಬ್ಬಿಣದ ಕಪಾಟು. ಮೇಲೆ ಫಿನೈಲಿನ ಡಬ್ಬ, ಒದ್ದೆ ಪೊರಕೆ. ಕೆಳಗಿನ ಖಾನೆಗೆ ಪೈಪಿನಿಂದ ತೊಟ್ಟಿಕ್ಕುವ ನೀರು. ಒಂದು ಕಾಲದ ಗ್ರಾಮ ಪಂಚಾಯತಿಯ ಅಷ್ಟೂ ನಡಾವಳಿ ಪುಸ್ತಕಗಳು ಆ ಕಪಾಟಿನಲ್ಲಿದ್ದವು. ಹನ್ನೊಂದು ವರ್ಷ ಅದರ ಪಕ್ಕದಲ್ಲೇ ಮೂಗು ಮುಚ್ಚಿಕೊಂಡು ಓಡಾಡಿದವರಲ್ಲಿ ನಾನೂ ಒಬ್ಬಳು. ಈ ಅನುಭವ ಬರೆಯುವಾಗ ಅಸಹ್ಯ ಪಡುವುದನ್ನು ನನ್ನಿಂದಲೇ ಶುರು ಮಾಡಬೇಕು.

ಊರಿನ ಹೆಸರು ಬರೆಯುವುದಿಲ್ಲ. ಮುಂಬಯಿ ಪಕ್ಕದ ಠಾಣೆಯಿಂದ ಕಲ್ಯಾಣದ ಕಡೆಗೆ ಲೋಕಲ್ ರೈಲು ಹತ್ತಿದರೆ ಆಚೆ ಈಚೆ ಇಂಥ ಊರು ಬೇಕಾದಷ್ಟು ಸಿಗುತ್ತವೆ. ಮೊದಲು ಭತ್ತದ ಗದ್ದೆ, ಆಮೇಲೆ ಗ್ರಾಮ ಪಂಚಾಯತಿ, ಆಮೇಲೆ ಯಾರದೋ ಲಾಭಕ್ಕೆ ಪಾಲಿಕೆಯ ಒಳಗೆ, ಇನ್ಯಾರದೋ ಲಾಭಕ್ಕೆ ಹೊರಗೆ, ಮತ್ತೆ ಒಳಗೆ. ಈಗ ಬೋರ್ಡಿನ ಮೇಲೆ ಟೌನ್‌ಶಿಪ್. ಟವರುಗಳಿಗೆ ವಿಲಾಯತಿ ಹೂವುಗಳ ಹೆಸರು, ನಲ್ಲಿಗೆ ಟ್ಯಾಂಕರಿನ ನೀರು. ನಾನು ಅಲ್ಲಿನ ಹೆಡ್ ಕ್ಲರ್ಕ್. ಮನೆ ವರ್ತಕ ನಗರದಲ್ಲಿ. ಹುಟ್ಟಿದ್ದು ಠಾಣೆಯಲ್ಲೇ ಆದರೂ ಅಪ್ಪ ಹಟ ಹಿಡಿದು ನಾಲ್ಕನೆಯವರೆಗೆ ಕನ್ನಡ ಶಾಲೆಗೆ ಕಳಿಸಿದ್ದರು. ಅದರಿಂದ ಏನು ಪ್ರಯೋಜನ ಎಂದು ಆಗ ಎಲ್ಲರೂ ಕೇಳುತ್ತಿದ್ದರು.

ಕಚೇರಿಗೆ ಹೊಸ ಕಟ್ಟಡ ಎದ್ದಿತು. ಉದ್ಘಾಟನೆಗೆ ಎರಡು ವಸ್ತು ತಯಾರಾಗಬೇಕೆಂದು ಸಾಹೇಬರು, ಅಂದರೆ ನಮ್ಮ ವಾರ್ಡ್ ಆಫೀಸರು, ನನ್ನನ್ನು ಕರೆಸಿದರು. ಒಂದು, ಊರಿನ ಚರಿತ್ರೆಯ ಪುಸ್ತಿಕೆ. ಇನ್ನೊಂದು, ಬಾಗಿಲ ಬಳಿ ಕಪ್ಪು ಕಲ್ಲಿನ ಫಲಕ. ಅದರಲ್ಲಿ ಪಂಚಾಯತಿ ಕಾಲದ ಸರಪಂಚರೆಲ್ಲರ, ಅಂದರೆ ಅಧ್ಯಕ್ಷರೆಲ್ಲರ, ಹೆಸರು.

“ಮ್ಯಾಡಮ್, ನಿಮ್ಮ ಅಕ್ಷರ ಚೆನ್ನಾಗಿದೆ. ಮೂರು ವಾರ ಇದೆ, ನೀವೇ ನೋಡಿಕೊಳ್ಳಿ,” ಎಂದು ಮರಾಠಿಯಲ್ಲಿ ಹೇಳಿ ಆರು ಪುಟದ ಟೈಪು ಮಾಡಿದ ಮರಾಠಿ ಟಿಪ್ಪಣಿಯೊಂದನ್ನು ಕೈಗಿತ್ತರು. ಸರ್ಕಾರಿ ಕಚೇರಿಯಲ್ಲಿ ಅಕ್ಷರ ಚೆನ್ನಾಗಿರುವುದು ಒಂದು ಕರ್ಮ.

ಟಿಪ್ಪಣಿ ಬಂದದ್ದು ಊರಿನ ಮಾಜಿ ನಗರಸೇವಕರ, ಅಂದರೆ ಕಾರ್ಪೊರೇಟರರ, ಆಫೀಸಿನಿಂದ. ಅವರ ತಂದೆ ಪಂಚಾಯತಿ ಕಾಲದಲ್ಲಿ ಉಪಸರಪಂಚರಾಗಿದ್ದವರು, ಈಗಿಲ್ಲ. ಟಿಪ್ಪಣಿಯಲ್ಲಿ ರಸ್ತೆ ಮಾಡಿಸಿದವರು ಅವರು, ಶಾಲೆ ಕಟ್ಟಿಸಿದವರು ಅವರು, ಬಾವಿಯಲ್ಲಿ ನೀರು ಬರಿಸಿದವರೂ ಅವರೇ. ನಾಲ್ಕನೇ ಪುಟದಲ್ಲಿ ಮಾತ್ರ ಬೇರೆಯವರೊಬ್ಬರು ಬಂದಿದ್ದರು: “ಮಹಿಳಾ ಸರಪಂಚರ ಅವಧಿಯಲ್ಲಿ, ಅವರದೇ ಪ್ರಸ್ತಾವದಂತೆ ಊರ ಕೆರೆಯನ್ನು ಮುಚ್ಚಿ ಬಡಾವಣೆಗೆ ಕೊಡಲಾಯಿತು.” ಆ ಸರಪಂಚರ ಹೆಸರೂ ಇತ್ತು. ಟಿಪ್ಪಣಿಯಲ್ಲಿ ಒಂದು ಕೆಟ್ಟ ಕೆಲಸಕ್ಕೆ ಕರ್ತೃವಿನ ಹೆಸರು ಸಿಕ್ಕಿದ್ದು ಅಲ್ಲೊಂದೇ ಕಡೆ.

ನಾನು ಆ ಟಿಪ್ಪಣಿಯ ಭಾಷೆ ತಿದ್ದಿ ಪ್ರೆಸ್ಸಿಗೆ ಕಳಿಸಿದೆ. ಪ್ರೂಫ್ ಬಂತು. ಪ್ರತಿ ಪುಟದ ಕೆಳಗೆ “ಮೂಲ ದಾಖಲೆಯೊಂದಿಗೆ ತಾಳೆ ನೋಡಲಾಗಿದೆ” ಎಂಬ ರಬ್ಬರ್ ಮುದ್ರೆ ಒತ್ತಿ ಸಹಿ ಹಾಕುವುದು ಪದ್ಧತಿ. ಹಾಕಿದೆ. ಐದು ನಿಮಿಷದ ಕೆಲಸ. ಮೂಲ ದಾಖಲೆ ಓಣಿಯ ಕಪಾಟಿನಲ್ಲಿ ಕೊಳೆಯುತ್ತಿತ್ತು, ನಾನದರ ಬಾಗಿಲು ಕೂಡ ತೆರೆದಿರಲಿಲ್ಲ.

ತೆರೆಯಬೇಕಾಗಿ ಬಂದದ್ದು ಕಲ್ಲು ಕೆತ್ತುವವನಿಂದ. ಪ್ರತಿ ಸರಪಂಚ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಎಂದು ಆತನಿಗೆ ಬರೆದು ಕೊಡಬೇಕಿತ್ತು, ಟಿಪ್ಪಣಿಯಲ್ಲಿ ಅದಿರಲಿಲ್ಲ. ಕಚೇರಿಯ ಸಿಪಾಯಿಯನ್ನು ಕರೆದರೆ, “ಮ್ಯಾಡಮ್, ಅದು ನನ್ನ ಕೆಲಸ ಅಲ್ಲ,” ಎಂದು ಜಾರಿಕೊಂಡ. ಸೆರಗನ್ನು ಮೂಗಿಗೆ ಕಟ್ಟಿ ನಾನೇ ಕೈಹಾಕಿದೆ. ಮೂರು ಪುಸ್ತಕಗಳು ಒಂದಕ್ಕೊಂದು ಅಂಟಿ ಒಂದೇ ಗಟ್ಟಿ ಮುದ್ದೆಯಾಗಿದ್ದವು. ಎರಡು ಪುಸ್ತಕಗಳ ನಡುವೆ ಒಣಗಿದ ಹಲ್ಲಿ. ಜಿರಳೆಯ ಮೊಟ್ಟೆ ಮಣಿ ಪೋಣಿಸಿದ ಹಾಗೆ ಬೆನ್ನಿನ ಹೊಲಿಗೆಗೆ ಕಚ್ಚಿಕೊಂಡಿತ್ತು. ಮೂತ್ರದ ನಾತ ಕಾಗದದೊಳಗೇ ಇಳಿದುಹೋಗಿತ್ತು. ಛೀ, ಅವತ್ತು ಡಬ್ಬಿಯ ಊಟ ಬಾಯಿಗಿಡಲಾಗಲಿಲ್ಲ.

ಕಚೇರಿಯ ಗಚ್ಚಿಯ ಮೇಲೆ, ಅಂದರೆ ತಾರಸಿಯಲ್ಲಿ, ತಾಡಪತ್ರಿ ಹಾಸಿ ಪುಸ್ತಕಗಳನ್ನು ಹರವಿದೆ. ಬಿಸಿಲು ನೇರ ಬಿದ್ದರೆ ಶಾಯಿ ಹಾರುತ್ತದೆ, ಆದ್ದರಿಂದ ನೀರಿನ ಟಾಕಿಯ ನೆರಳಿನಲ್ಲಿ. ಎರಡೆರಡು ಪುಟದ ನಡುವೆ ಟಾಲ್ಕಮ್ ಪೌಡರ್ ಉದುರಿಸಿ, ಒಣಗಿದ ಮೇಲೆ ಉಕ್ಕಿನ ಸ್ಕೇಲನ್ನು ಮೆಲ್ಲಗೆ ತೂರಿಸಿ ಬಿಡಿಸುವುದು. ಹರಿದರೆ ಹರಿದಲ್ಲೇ ನಿಲ್ಲಿಸುವುದು. ಬಿಡಿಸಿದ ಪುಟಕ್ಕೆ ಪೆನ್ಸಿಲಿನಲ್ಲಿ ನಂಬರ್ ಹಾಕುವುದು. ಮೂರು ದಿನ ಇದೇ ಕೆಲಸ.

ಮೂರನೆಯ ಪುಸ್ತಕ ಬಿಚ್ಚಿಕೊಂಡಾಗ ನಾನು ಅಲ್ಲೇ ಇಟ್ಟಿಗೆಯ ಮೇಲೆ ಕೂತುಬಿಟ್ಟೆ. ಮೇಲೆ ಪಂಚಾಯತಿ ಕಾರ್ಯದರ್ಶಿಯಾದ ಗ್ರಾಮಸೇವಕನ ಮರಾಠಿ ಬರಹ. ಕೆಳಗೆ ಸರಪಂಚರ ಸಹಿ ಕನ್ನಡದಲ್ಲಿ. ದುಂಡಗೆ, ಗೆರೆಯ ಮೇಲೆ ಕೂರಿಸಿದ ಶಾಲೆಯ ಅಕ್ಷರ. ಸಹಿಯ ಮುಂದೆ ಇನ್ನೊಂದು ಪುಟ್ಟ ಸಾಲು. ಕನ್ನಡ ಬಾರದವರಿಗೆ ಅದೂ ಸಹಿಯದೇ ಬಾಲ ಎನ್ನಿಸಿರಬೇಕು. “ಶಾಲೆ ಹತ್ತಿರ ದೀಪದ ಕಂಬಕ್ಕೆ.” ಮೇಲಿನ ಮರಾಠಿ ಠರಾವು, ಅಂದರೆ ಸಭೆಯ ನಿರ್ಣಯ, ಓದಿದೆ: ಶಾಲೆಯ ಬಳಿ ದೀಪದ ಕಂಬ. ಮುಂದಿನ ಪುಟ, “ಬಾವಿಗೆ ಬ್ಲೀಚಿಂಗ್ ಪುಡಿಗೆ.” ಮರಾಠಿಯಲ್ಲೂ ಅದೇ. “ಹಂದಿ ಹಿಡಿಸಲಿಕ್ಕೆ.” ಅದೂ ಸರಿ. ಇಪ್ಪತ್ತು ಪುಟ ಹೀಗೆ ನೋಡುತ್ತ ಬಂದೆ, ಒಂದೂ ತಪ್ಪಲಿಲ್ಲ. ನನಗೆ ನಗು ಬರತೊಡಗಿತು, ಬಹಳ ದಿನದ ಮೇಲೆ ಕಚೇರಿಯಲ್ಲಿ ಖುಷಿಯಾಗಿತ್ತು.

ಆಮೇಲೆ ಕೆರೆಯ ಪುಟ ಬಂತು. ಮರಾಠಿಯಲ್ಲಿ ಹೀಗಿತ್ತು: ಕೆರೆ ನಿರುಪಯುಕ್ತವಾಗಿದ್ದು ಅದನ್ನು ತುಂಬಿಸಿ, ಸಮತಟ್ಟು ಮಾಡಿ, ಬಡಾವಣೆಗೆ ಕೊಡಲು ಪಂಚಾಯತಿಯ ಅಡ್ಡಿಯಿಲ್ಲ. ಪ್ರಸ್ತಾವ ಸರಪಂಚರದು, ಅನುಮೋದನೆ ಉಪಸರಪಂಚರದು. ಕೆಳಗೆ ದುಂಡಕ್ಷರದ ಸಹಿ. ಸಹಿಯ ಮುಂದೆ, “ಕೆರೆ ಹೂಳೆತ್ತಲಿಕ್ಕೆ.”

ಪುಸ್ತಕವನ್ನು ಹಾಗೇ ಎತ್ತಿಕೊಂಡು ಸಾಹೇಬರ ಕ್ಯಾಬಿನ್ನಿಗೆ ಹೋದೆ. ಅವರು ಮೂಗಿಗೆ ಕರವಸ್ತ್ರ ಹಿಡಿದು ಬಗ್ಗಿ ನೋಡಿದರು.

“ಇದೇನು ಗೀಚಿರೋದು?”

“ಕನ್ನಡ, ಸರ್. ಹೂಳೆತ್ತುವುದಕ್ಕೆ ಅಂತ ಬರೆದಿದ್ದಾರೆ. ಅವರಿಗೆ ಓದಿ ಹೇಳಿದ್ದೇ ಬೇರೆ, ಪುಸ್ತಕದಲ್ಲಿ ಬರೆದಿದ್ದೇ ಬೇರೆ.”

“ನಡಾವಳಿಯ ಭಾಷೆ ಮರಾಠಿ. ಮರಾಠಿಯಲ್ಲಿ ಏನಿದೆಯೋ ಅದು ದಾಖಲೆ. ಪಕ್ಕದಲ್ಲಿ ಯಾರೋ ಗೀಚಿದ್ದು ಬರೀ ಗೀಚಿದ್ದು.” ಆಮೇಲೆ ದನಿ ತಗ್ಗಿಸಿ, “ಮ್ಯಾಡಮ್, ಅವರೂ ಆ ಕಡೆಯವರು, ನೀವೂ ಆ ಕಡೆಯವರು. ಜನ ಏನು ಮಾತಾಡ್ತಾರೆ, ಯೋಚನೆ ಮಾಡಿ,” ಎಂದರು.

ನನಗೆ ಮೈಯೆಲ್ಲ ಉರಿಯಿತು. ಊರಿಗೆ ಆದ ಮೋಸ ಹೇಳಲು ಬಂದರೆ ನನ್ನ ಜಾತಕ ತೆಗೆಯುತ್ತಾನೆ ಮನುಷ್ಯ. ಮಾತು ಶುರು ಮಾಡುವಷ್ಟರಲ್ಲಿ ಅವರು ಡ್ರಾಯರಿನಿಂದ ಪ್ರೂಫ್ ತೆಗೆದು ನಾಲ್ಕನೇ ಪುಟದ ಕೆಳಗೆ ಬೆರಳಿಟ್ಟರು. “ಅಷ್ಟಕ್ಕೂ ತಾಳೆ ನೋಡಿ ಸಹಿ ಹಾಕಿದವರು ಯಾರು?”

ಪುಸ್ತಕ ಎತ್ತಿಕೊಂಡು ಹೊರಗೆ ಬಂದೆ.

ಆ ಸರಪಂಚರು ಇನ್ನೂ ಇದ್ದಾರೆಂದು ಸಿಪಾಯಿಯೇ ಹೇಳಿದ್ದು. ಊರಿಗೆಲ್ಲ ಅವರು ಖಾನಾವಳಿ ಅಕ್ಕ. ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಹೋಗುವ ಕೆಲಸಗಾರರಿಗೆ ಊಟ ಹಾಕುತ್ತಿದ್ದವರು. ಈಗ ಮಗ ಸೊಸೆಯ ಜೊತೆ, ಕೆರೆಯಿದ್ದ ಜಾಗದಲ್ಲೇ ಎದ್ದ ಕಟ್ಟಡವೊಂದರ ನೆಲಮಹಡಿಯಲ್ಲಿ ಇದ್ದಾರೆ. ಕೆರೆ ಮಾರಿದ್ದಕ್ಕೆ ಸಿಕ್ಕಿದ ಮನೆ ಎಂದು ಊರಿನ ಮಾತು. ನಿಜ ಬೇರೆಯೇ: ಪ್ರತಿ ಮಳೆಗಾಲ ಗಟಾರದ ನೀರು ಒಳಗೆ ಬರುವುದರಿಂದ ಆ ಮನೆ ಯಾರಿಗೂ ಬೇಡವಾಗಿತ್ತು, ಮಗನ ಕೈಗೆಟುಕಿದ್ದು ಅದೊಂದೇ. ನೀರು ನುಗ್ಗಿದಾಗಲೆಲ್ಲ ಯಾರಾದರೊಬ್ಬರು ಇವರ ಬಾಗಿಲಿಗೆ ಬಂದು ಬೈದು ಹೋಗುತ್ತಾರೆ. ಕಟ್ಟಡದ ಮಕ್ಕಳು ಅವರನ್ನು ಕರೆಯುವುದು ‘ತಲಾವ್‌ವಾಲಿ’, ಕೆರೆಯವಳು, ಎಂದು. ಇನ್ನು ಮುಂದೆ ಅದೇ ಮಾತು ಪಾಲಿಕೆಯ ಅಚ್ಚಿನಲ್ಲಿ, ನನ್ನ ಸಹಿಯ ಮೇಲೆ ಬರುವುದಿತ್ತು.

ಬಾಗಿಲು ತೆರೆದದ್ದು ಕಾಲೇಜಿಗೆ ಹೋಗುವ ಮೊಮ್ಮಗಳು. ನಾನು ಕನ್ನಡದಲ್ಲಿ ಕೇಳಿದೆ, ಆಕೆ ಒಳಗೆ ತಿರುಗಿ, “ಅಜ್ಜಿ, ಆಪ್ ಸೇ ಮಿಲ್ನೇ ಕೋಯೀ ಆಯಾ ಹೈ,” ಎಂದಳು. ಗೋಡೆಗೆ ಸೊಂಟದೆತ್ತರದಲ್ಲಿ ಹೋದ ಮಳೆಗಾಲದ ಕಪ್ಪು ಗೆರೆ ಹಾಗೇ ಇತ್ತು. ಕೆಳಗೆ ಸುಣ್ಣ ಚಕ್ಕೆಯೆದ್ದು ಉದುರುತ್ತಿತ್ತು.

“ಪಾಲಿಕೆಯವಳಾ ನೀನು? ಎಂತಕ್ಕೆ ಬಂದದ್ದು, ಗಟಾರ ಕಟ್ಲಿಕ್ಕಾ?” ಅಕ್ಕ ಕೇಳಿದರು. ಎಂಬತ್ತರ ಹತ್ತಿರದ ಹೆಂಗಸು, ಬೆನ್ನು ನೇರ.

ನಾನು ಬಂದ ಕಾರಣ ಹೇಳಿ ಕೆರೆಯ ಪುಟದ ಜೆರಾಕ್ಸ್ ಕೊಟ್ಟೆ. ಕನ್ನಡಕ ಏರಿಸಿ, ಅಕ್ಷರದ ಮೇಲೆ ಬೆರಳಾಡಿಸಿ ಓದಿದರು.

“ಹೌದು, ನಾನೇ ಬರ್ದದ್ದು. ಗ್ಯಾಸಿನವ ಚೀಟಿ ತಂದ್ರೂ, ಹಾಲಿನವ ತಂದ್ರೂ, ಎಂತಕ್ಕೆ ಅಂತ ಬರೀದೆ ನಾನು ಸಹಿ ಹಾಕಿದ್ದಿಲ್ಲ. ಮರಾಠಿ ಮಾತು ಬರ್ತಿತ್ತು, ಓದ್ಲಿಕ್ಕೆ ಬರ್ತಿರ್ಲಿಲ್ಲ ಅಲ್ವಾ. ಗ್ರಾಮಸೇವಕ ಓದಿ ಹೇಳೂದು, ನಾನು ಬರ್ಕೊಳ್ಳೂದು.”

“ನಿಮ್ಮನ್ನ ಸರಪಂಚ ಮಾಡಿದ್ದು ಹೇಗೆ ಅಕ್ಕ?”

“ಹೆಂಗಸರಿಗೇ ಸೀಟು ಅಂತ ಆಯ್ತು. ಊರಲ್ಲಿ ಎರಡು ಪಾರ್ಟಿ. ಇವ್ರ ಸೊಸೆ ಆಗ್ಲಿ ಅಂದ್ರೆ ಅವ್ರು ಬಿಡ್ಲಿಲ್ಲ, ಅವ್ರ ಸೊಸೆ ಅಂದ್ರೆ ಇವ್ರು ಬಿಡ್ಲಿಲ್ಲ. ನಾನು ಯಾರಿಗೂ ಸೊಸೆ ಅಲ್ಲ ನೋಡು. ಕೂರ್ಸಿದ್ರು.”

ನಾನು ದೊಡ್ಡ ಉಪಕಾರ ಮಾಡುವವಳ ಗತ್ತಿನಲ್ಲಿ, ಈ ಒಂದು ಪುಟ ಸಾಕು, ನಿಮ್ಮ ಮೇಲಿನ ಅಪವಾದ ತೆಗೆಸುತ್ತೇನೆ ಎಂದೆ. ಅಕ್ಕ ಜೆರಾಕ್ಸನ್ನು ತಿರುಗಿಸಿ ಹಿಂಬದಿ ನೋಡಿದರು. ಖಾಲಿ.

“ಇದೊಂದೇ ತಂದದ್ದಾ? ಮುಂದಿನ ಪುಟ ಎಲ್ಲಿ?”

“ಮುಂದಿನದು ಬೇಡ ಅಕ್ಕ. ನಿಮಗೆ ಬೇಕಾದ್ದು ಇದೇ.”

“ನಂಗೆ ಬೇಕಾದ್ದು ಯಾವ್ದು ಅಂತ ನಿಂಗೆ ಹೇಗೆ ಗೊತ್ತು? ಹೋಗಿ ನೋಡು. ನೋಡಿ ಆಮೇಲೆ ಬಾ.”

ಮರುದಿನ ಗಚ್ಚಿಗೆ ಹೋಗಿ ಮುಂದಿನ ಪುಟಗಳನ್ನು ಬಿಡಿಸಿದೆ. ಮಣ್ಣು ಸಾಗಿಸುವ ದಾರಿಗೆ ಠರಾವು. ಹೊಸ ಬಡಾವಣೆಗೆ ನೀರಿನ ಲೈನು. ಬಿಲ್ಡರು ಶಾಲೆಗೆ ನಾಲ್ಕು ಬೆಂಚು ಕೊಟ್ಟದ್ದಕ್ಕೆ ಧನ್ಯವಾದ. ಹನ್ನೊಂದು ಪುಟ, ಅವರ ಅವಧಿ ಮುಗಿಯುವವರೆಗೆ. ಹನ್ನೊಂದರಲ್ಲೂ ಅದೇ ದುಂಡಕ್ಷರದ ಸಹಿ. ಸಹಿಯ ಮುಂದೆ ಎಲ್ಲೂ ಏನೂ ಬರೆದಿರಲಿಲ್ಲ. ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಅರ್ಥವಾಗದೇ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು.

ಶನಿವಾರ ಮತ್ತೆ ಹೋದೆ. ಅಕ್ಕ ಮುಖ ನೋಡಿಯೇ, “ನೋಡಿದೆ ಅಲ್ವಾ,” ಎಂದರು. ಕಾಫಿ ಮಾಡಿಸಿ ಕೊಟ್ಟು ಆಮೇಲೆ ಹೇಳಿದರು.

“ಮಳೆಗಾಲ ಕಳ್ದು ಲಾರಿ ಬಂತು. ಹೂಳೆತ್ತುವ ಲಾರಿ ಆದ್ರೆ ಖಾಲಿ ಬಂದು ತುಂಬಿ ಹೋಗ್ಬೇಕು. ಇದು ತುಂಬಿ ಬಂದು ಖಾಲಿ ಹೋಗ್ತಿತ್ತು. ಎರಡನೇ ದಿನವೇ ನಂಗೆ ಗೊತ್ತಾಯ್ತು. ಕೇಳ್ದೆ. ಉಪಸರಪಂಚ ಮಧ್ಯಾಹ್ನ ಬಂದು, ನನ್ನಲ್ಲೇ ಊಟ ಮಾಡಿ, ಕೈ ತೊಳ್ಕೊಂಡು ಹೇಳ್ದ, ಅಕ್ಕ, ಖಾನಾವಳಿ ಪಂಚಾಯತಿ ಜಾಗದಲ್ಲಿ ಉಂಟು, ನಿಮ್ಮ ಹತ್ರ ಕಾಗದ ಉಂಟಾ ಅಂತ. ಅಷ್ಟೇ ಹೇಳಿದ್ದು. ಎರಡನೇ ಸಲ ಅನ್ನ ಹಾಕಿಸ್ಕೊಂಡು ಉಂಡಿದ್ದ ಮಾರಾಯ.”

“ನೀವೇನಂದಿರಿ?”

“ಎಂತ ಅನ್ನೂದು? ಗಂಡ ಹಾಸಿಗೆ ಹಿಡ್ದಿದ್ರು. ಮೂರು ಮಕ್ಕಳು. ಆ ಒಲೆ ಆರಿದ್ರೆ ನಾವು ಬೀದಿಗೆ. ಅಲ್ಲಿಂದ ಮುಂದೆ ಗ್ರಾಮಸೇವಕ ಓದಿ ಹೇಳ್ಲಿಕ್ಕೆ ಬಂದ್ರೆ, ಓದೂದು ಬೇಡ, ಎಲ್ಲಿ ಸಹಿ ಅಂತ ತೋರ್ಸು ಅಂದೆ.” ನನ್ನ ಖಾಲಿ ಲೋಟ ತೆಗೆದುಕೊಂಡು, “ಮೊದಲಿನದ್ದು ಅವ್ರು ಮಾಡಿದ ಮೋಸ. ಆಮೇಲಿನದ್ದು ನಾನು ಗೊತ್ತಿದ್ದೇ ಹಾಕಿದ್ದು. ಬರಿಯೂದಾದ್ರೆ ಎರಡೂ ಬರಿ. ನನ್ನ ಒಳ್ಳೇದು ಮಾತ್ರ ಬರ್ದು ಬಿಟ್ರೆ ನೀನೂ ಆ ಗ್ರಾಮಸೇವಕನ ಹಾಗೇ,” ಎಂದರು.

“ಎರಡೂ ಬರೆದರೆ ಜನ ಇನ್ನೂ ಬೈತಾರೆ ಅಕ್ಕ.”

“ಈಗ ಹೊಗಳ್ತಿದ್ದಾರಾ? ಬೈಲಿ. ಸರಿಯಾದ್ದಕ್ಕೆ ಬೈಲಿ.”

ವಾಪಸ್ ಬರುವಾಗ ಲೋಕಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ದಿವಾ ಸ್ಟೇಷನ್ನಿನಲ್ಲಿ ಹತ್ತಿದ ಹೆಂಗಸರು ತಳ್ಳಿ ಬೈದರು, ನಾನು ತಿರುಗಿ ಬೈಯಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಗಿತ್ತು. ಅಕ್ಕನ ಕುತ್ತಿಗೆಯ ಮೇಲೆ ಯಾರೋ ಕೈಯಿಟ್ಟಿದ್ದರು, ಅವರು ಸಹಿ ಹಾಕಿದರು. ನನ್ನ ಕುತ್ತಿಗೆಯ ಮೇಲೆ ಯಾರ ಕೈಯಿತ್ತು? ಫ್ಯಾನಿನ ಕೆಳಗೆ ಕೂತು, ವಾಸನೆ ಬರುತ್ತದೆಂದು ಕಪಾಟು ತೆರೆಯದೆ, ನೋಡಿದೆ ಎಂದು ಸಹಿ ಹಾಕಿದವಳು ನಾನು.

ಸೋಮವಾರ ಫೈಲಿನಲ್ಲಿ ಟಿಪ್ಪಣಿ ಬರೆದೆ. ಪ್ರೂಫಿನ ಮೇಲಿನ ನನ್ನ ದೃಢೀಕರಣ ಮೂಲ ದಾಖಲೆ ನೋಡದೆ ಕೊಟ್ಟದ್ದು, ತಪ್ಪು ನನ್ನದು, ಅದನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ನಾಲ್ಕನೇ ಪುಟದಲ್ಲಿ ಹೀಗೆ ಇರಬೇಕು: ಹೂಳೆತ್ತುವ ಠರಾವೆಂದು ನಂಬಿಸಿ ಸರಪಂಚರ ಸಹಿ ಪಡೆಯಲಾಯಿತು, ನಿಜ ತಿಳಿದ ಮೇಲೂ ಅವರು ಮುಂದಿನ ಹನ್ನೊಂದು ಠರಾವುಗಳಿಗೆ ಸಹಿ ಹಾಕಿದರು, ಅನುಮೋದಿಸಿದವರು ಉಪಸರಪಂಚರು. ಹನ್ನೆರಡು ಪುಟಗಳ ಜೆರಾಕ್ಸ್, ಕನ್ನಡ ಸಾಲಿನ ಮರಾಠಿ ಅನುವಾದ, ಅಕ್ಕ ಸಹಿ ಹಾಕಿ ಕೊಟ್ಟ ಹೇಳಿಕೆ, ಎಲ್ಲ ಲಗತ್ತಿಸಿದೆ. ಸಾಹೇಬರ ಟೇಬಲ್ಲಿಗೆ ಒಯ್ಯುವ ಮೊದಲು ಬಂದ ಕಾಗದ ದಾಖಲಿಸುವ ಆವಕ ವಿಭಾಗಕ್ಕೆ ಹೋಗಿ ನಂಬರ್ ಹಾಕಿಸಿಕೊಂಡೆ. ನಂಬರ್ ಬಿದ್ದ ಕಾಗದವನ್ನು ಹರಿದು ಬುಟ್ಟಿಗೆಸೆಯುವುದು ಅಷ್ಟು ಸುಲಭವಲ್ಲ.

ಸಾಹೇಬರು ಎರಡು ಸಲ ಓದಿದರು. “ಮ್ಯಾಡಮ್, ನಿಮ್ಮ ತಪ್ಪನ್ನ ನೀವೇ ಬರೆದುಕೊಟ್ಟಿದ್ದೀರಿ, ಗೊತ್ತಲ್ಲ?”

“ಗೊತ್ತು ಸರ್. ಇದನ್ನ ಓದಿಯೇ ಸಹಿ ಹಾಕಿದ್ದೀನಿ.”

ಸಂಜೆ ಮಾಜಿ ನಗರಸೇವಕರ ಫೋನು ಬಂತು. ಬೈಗುಳ ನಿರೀಕ್ಷಿಸಿದ್ದೆ. ಆತ ‘ತಾಯಿ’ ಎಂದು ಮಾತಾಡಿಸಿದರು, ನಿಮ್ಮಂಥ ಪ್ರಾಮಾಣಿಕರಿಂದಲೇ ಊರು ನಿಂತಿದೆ ಎಂದರು, ಮಗಳಿಗೆ ಕೆಲಸ ಆಯಿತೇ ಎಂದು ವಿಚಾರಿಸಿದರು. ನನಗೆ ಮಗಳಿದ್ದಾಳೆಂದು ಆತನಿಗೆ ಯಾರು ಹೇಳಿದರೋ. ಆ ಸಿಹಿ ದನಿ ಕಿವಿಯಿಂದ ಹೋಗಲು ಎರಡು ದಿನ ಹಿಡಿಯಿತು. ವಾರದೊಳಗೆ ನನ್ನನ್ನು ಸಾಕುನಾಯಿಗಳ ಪರವಾನಗಿ ಕೊಡುವ ಟೇಬಲ್ಲಿಗೆ ಹಾಕಿದರು. ನಾಯಿಗಳೇನೋ ಒಳ್ಳೆಯವೇ.

ಉದ್ಘಾಟನೆಯ ದಿನ ಹೊಸ ಕಟ್ಟಡದ ತುಂಬ ಹೂವಿನ ಕಮಾನು, ಅತ್ತರಿನ ವಾಸನೆ. ಕಪ್ಪು ಕಲ್ಲಿನ ಮೇಲೆ ಚಿನ್ನದ ಬಣ್ಣದಲ್ಲಿ ಸರಪಂಚರ ಹೆಸರುಗಳು. ಅಕ್ಕನದೂ ಇತ್ತು, ನಾನು ಬರೆದುಕೊಟ್ಟ ತಾರೀಕುಗಳ ಸಮೇತ. ಪುಸ್ತಿಕೆ ಹಂಚಿದರು. ನೇರ ನಾಲ್ಕನೇ ಪುಟಕ್ಕೆ ಹೋದೆ. ಕೆರೆಯ ಸಾಲಿದ್ದ ಜಾಗದಲ್ಲಿ ಮಾಜಿ ನಗರಸೇವಕರು ರಿಬ್ಬನ್ ಕತ್ತರಿಸುವ ಬಣ್ಣದ ಫೋಟೋ. ಹಿಂದೆ ಮುಂದೆ ತಿರುವಿದೆ. ಕೆರೆಯ ಬಗ್ಗೆ ಸುಳ್ಳೂ ಇರಲಿಲ್ಲ, ನಿಜವೂ ಇರಲಿಲ್ಲ.

ಸಾಹೇಬರು ಸಮೋಸದ ತಟ್ಟೆ ಹಿಡಿದು ಪಕ್ಕಕ್ಕೆ ಬಂದರು. “ನಿಮ್ಮ ಸರಪಂಚಬಾಯಿಯವರ ಹೆಸರಿಗೆ ಮಸಿ ಇಲ್ಲ ಈಗ. ಎರಡೂ ಕಡೆಯವರಿಗೆ ಸಮಾಧಾನ. ಖುಷಿ ತಾನೇ?”

“ನಿಮ್ಮ ಸಮಾಧಾನ ನೋಡಿದರೆ ವಾಕರಿಕೆ ಬರುತ್ತೆ ಸರ್,” ಎಂದೆ. ಎಂದ ಮೇಲೆ ನನಗೇ ಗಾಬರಿಯಾಯಿತು. ಅವರು ನಕ್ಕು, ಇನ್ಯಾರಿಗೋ ಕೈ ಮುಗಿಯಲು ಹೋದರು.

ಸಂಜೆ ಒಂದು ಪ್ರತಿ ಹಿಡಿದು ಅಕ್ಕನ ಮನೆಗೆ ಹೋದೆ. ದಾರಿಯುದ್ದಕ್ಕೂ ಒಂದು ಸಮಾಧಾನವನ್ನು ಜೋಡಿಸಿಕೊಂಡಿದ್ದೆ: ಹೋಗಲಿ, ಅಪವಾದವಾದರೂ ತಪ್ಪಿತಲ್ಲ, ಮಿಕ್ಕದ್ದು ಫೈಲಿನಲ್ಲಿದೆಯಲ್ಲ. ಪುಸ್ತಿಕೆ ಮರಾಠಿಯಲ್ಲಿದ್ದುದರಿಂದ ಅಕ್ಕ ಅದನ್ನು ಮೊಮ್ಮಗಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿದರು. ಆಕೆ ಮೊದಲ ಪುಟದಿಂದ ಓದಿದಳು. ರಸ್ತೆ ಬಂತು, ಶಾಲೆ ಬಂತು, ಬಾವಿ ಬಂತು, ಉಪಸರಪಂಚರು ಬಂದೇ ಬಂದರು. ಸರಪಂಚರ ಪಟ್ಟಿಯಲ್ಲಿ ಅಕ್ಕನ ಹೆಸರು ಬಂದಾಗ ಹುಡುಗಿ ತಲೆಯೆತ್ತಿ ನಕ್ಕಳು. ಅಕ್ಕ ನಗಲಿಲ್ಲ. “ಓದು, ಓದು,” ಎಂದರು. ಆಕೆ ಹಿಂಬದಿಯ ಮುದ್ರಕರ ವಿಳಾಸದವರೆಗೂ ಓದಿ, “ಬಸ್, ಖತಮ್,” ಎಂದು ಮುಚ್ಚಿದಳು.

“ಕೆರೆ?”

ಮೊಮ್ಮಗಳು ಮತ್ತೊಮ್ಮೆ ಪುಟ ತಿರುವಿ, “ತಲಾವ್ ಕಾ ತೋ ಕುಛ್ ನಹೀ ಹೈ, ಅಜ್ಜಿ,” ಎಂದಳು.

ಅಕ್ಕ ಪುಸ್ತಿಕೆಯನ್ನು ತೆಗೆದುಕೊಂಡು ನನ್ನ ಮಡಿಲಲ್ಲಿಟ್ಟರು.

“ನನ್ನ ಹೆಸರುಂಟು, ಕೆರೆ ಇಲ್ಲ,” ಎಂದರು. “ಇದು ಯಾವ ಊರಿನ ಪುಸ್ತಕ ತಂದದ್ದು ಮಾರಾಯ್ತಿ ನೀನು?”